ಎಡಗಡೆಯ ಚೆಂಡು

ಹಾಳೆಯನ್ನು ಕಿಟಕಿಯ ಗಾಜಿಗೆ ಒಳಗಡೆಯಿಂದ ಅಂಟಿಸಿದ್ದರು. ಕ್ಲಬ್ಬಿನ ಕಚೇರಿ ಬಾಗಿಲು ಹಾಕಿತ್ತು. ಮೂಗು ತಾಗುವಷ್ಟು ಹತ್ತಿರ ನಿಂತು ಅಪ್ಪ ಶನಿವಾರದ ತಂಡವನ್ನು ಮೇಲಿನಿಂದ ಕೆಳಗೆ ಓದಿದ. ಆಮೇಲೆ ಕೆಳಗಿನಿಂದ ಮೇಲಕ್ಕೆ ಓದಿದ. ಗೋಲ್‌ಕೀಪರ್ ಎಂದು ಬರೆದಿದ್ದರ ಎದುರು ಮಗಳ ಹೆಸರಿರಲಿಲ್ಲ. ಮೀಸಲು ಆಟಗಾರ್ತಿಯರು ಎಂದು ಬರೆದು ಅಡಿಗೆರೆ ಎಳೆದಿದ್ದ ಜಾಗದ ಕೆಳಗೆ, ಕೊನೆಯಲ್ಲಿ, ಸುಮ್ಮನೆ ನೆನಪಾಗಿ ಸೇರಿಸಿದಂತೆ ಇತ್ತು. ಇದು ಸತತ ಮೂರನೇ ಪಂದ್ಯ.

ಹಿಂದಿನ ಎರಡನ್ನು ಅವನು ಹೇಗೋ ನುಂಗಿಕೊಂಡಿದ್ದ. ಆದರೆ ಈ ಶನಿವಾರ ವೃತ್ತಿಪರ ಲೀಗಿನ ತಂಡವೊಂದು ಹೊಸಬರನ್ನು ಆರಿಸಲು ಬರುವುದಿತ್ತು. ಮಗಳು ಹನ್ನೊಂದನೇ ವಯಸ್ಸಿಗೆ ಹಾಕಿ ಕೋಲು ಹಿಡಿದವಳು, ಹದಿಮೂರಕ್ಕೆ ಗೋಲಿನಲ್ಲಿ ನಿಂತವಳು. ಈಗ ಹದಿನೆಂಟು. ಜೊತೆಯವರೆಲ್ಲ ಅವಳನ್ನು ಕರೆಯುವುದೇ ಗೋಡೆ ಎಂದು. ಅಂಥ ಗೋಡೆಯನ್ನು ಸರಿಸಿ ಕೋಚ್ ಆ ಜಾಗದಲ್ಲಿ ನಿಲ್ಲಿಸಿದ್ದು ಯಾರನ್ನು? ಕ್ಲಬ್ಬಿನ ಸೆಕ್ರೆಟರಿಯ ಅಣ್ಣನ ಮಗಳನ್ನು.

ಮೈದಾನದ ಮಾಲಿ ಪೈಪು ಹಿಡಿದು ಹಸಿರು ಕೃತಕ ಹುಲ್ಲಿಗೆ ನೀರು ಹೊಡೆಯುತ್ತಿದ್ದ.

"ಲಿಸ್ಟ್ ನೋಡಿದ್ರಾ ಸಾರ್?"

"ನೋಡ್ದೆ. ಇದರಲ್ಲಿ ಯಾರ ಕೈವಾಡ ಇದೆ, ನೀನೇ ಹೇಳು. ದಿನಾ ಇಲ್ಲೇ ಇರ್ತೀಯ."

"ನನ್ ಕೈಯಲ್ಲಿ ಇರೋದು ಪೈಪೊಂದೇ ಸಾರ್," ಎಂದ ಮಾಲಿ. ಪೈಪನ್ನು ಇನ್ನೊಂದು ಬದಿಗೆ ತಿರುಗಿಸಿ, "ಕೋಚ್ ಇತ್ತೀಚೆಗೆ ಗೋಲ್ ಹಿಂದೆ ಕೂತು ಪುಸ್ತಕದಲ್ಲಿ ಏನೋ ಬರ್ಕೋತಿರ್ತಾರೆ. ನಿಮ್ಮ ಹುಡುಗಿ ನಿಂತಾಗ ಮಾತ್ರ. ನಾನು ಹೇಳ್ದೆ ಅನ್ಬೇಡಿ," ಎಂದ.

ಅಷ್ಟು ಸಾಕಾಯಿತು. ದಾರಿಯುದ್ದಕ್ಕೂ ಅಪ್ಪನ ತಲೆಯಲ್ಲಿ ಅದೇ ಕೊರೆಯಿತು. ಅವಳ ತಪ್ಪುಗಳನ್ನು ಒಂದೊಂದಾಗಿ ಬರೆದಿಟ್ಟು, ನಾಳೆ ಯಾರಾದರೂ ಕೇಳಿದರೆ ತೋರಿಸಲಿಕ್ಕೆ. ಸೆಕ್ರೆಟರಿ ತನ್ನ ಬೇಳೆ ಬೇಯಿಸಿಕೊಳ್ಳುವುದಕ್ಕೆ ಕೋಚ್ ಸೌದೆ ಒಟ್ಟುತ್ತಿದ್ದಾನೆ.

ಅಪ್ಪನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಗಾಜು ಉಜ್ಜುತ್ತಿದ್ದ. ತಿರುಗುವ ಕಲ್ಲಿಗೆ ಹನಿಹನಿಯಾಗಿ ನೀರು ಬಿಟ್ಟು, ಗಾಜಿನ ಅಂಚನ್ನು ಚೌಕಟ್ಟಿಗೆ ಸರಿಹೋಗುವ ಹಾಗೆ ಇಳಿಸುವುದು. ಸಂಜೆ ಮನೆಗೆ ಬರುವಾಗ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕೂತಿರುತ್ತಿತ್ತು. ಯಾರನ್ನು ಕಂಡರೂ ಮೊದಲು ಅವರ ಮೂಗಿನ ಮೇಲೆ ಕನ್ನಡಕ ಸರಿಯಾಗಿ ಕೂತಿದೆಯೇ ಎಂದು ನೋಡುವ ಚಾಳಿ ಅವನದು. ಗಾಜು ಕೂದಲೆಳೆಯಷ್ಟು ವಾರೆಯಾಗಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಮನುಷ್ಯರ ವಾರೆ ಕೂಡ ಹಾಗೇ ಗೊತ್ತಾಗುತ್ತದೆ ಎಂಬುದು ಅವನ ನಂಬಿಕೆ.

ಮನೆಯಲ್ಲಿ ಮಗಳು ಬಾಲ್ಕನಿಯ ಕಂಬಿಗೆ ಲೆಗ್‌ಗಾರ್ಡುಗಳನ್ನು ಒರಗಿಸಿ ಒಣಹಾಕುತ್ತಿದ್ದಳು. ಬೆವರು ಕುಡಿದ ಸ್ಪಂಜಿನ ವಾಸನೆ ಇಡೀ ಮನೆಗೆ ಹಬ್ಬಿತ್ತು.

"ಮತ್ತೆ ನಿನ್ನ ಹೆಸರು ಕೆಳಗಿದೆ," ಎಂದ ಅಪ್ಪ.

"ಗೊತ್ತು."

"ಗೊತ್ತಾ? ಮತ್ತೆ ಸುಮ್ನೆ ಬಂದ್ಯಾ? ಯಾಕೆ ಅಂತ ಒಂದು ಮಾತು ಕೇಳಲಿಲ್ವಾ?"

"ಬಿಡಪ್ಪ. ಕೋಚ್‌ಗೆ ಅವರದೇ ಕಾರಣ ಇರತ್ತೆ." ಅವಳು ಅಂಗೈಯ ಬುಡದಿಂದ ಕಣ್ಣುಜ್ಜಿಕೊಂಡು ಒಳಗೆ ಹೋದಳು.

ಚಿಕ್ಕಂದಿನಲ್ಲಿ ಕೇರಂ ಸೋತರೂ ಕಾಯಿ ಎಸೆದು ಊಟ ಬಿಡುತ್ತಿದ್ದ ಹುಡುಗಿ. ಅವಳಿಗೆ ಸಿಟ್ಟು ಬಾರದೇ ಇದ್ದದ್ದು ಅಪ್ಪನಿಗೆ ವಿಚಿತ್ರವಾಗಿ ಕಂಡಿತು. ಅವಳನ್ನು ಹೆದರಿಸಿದ್ದಾರೆ ಎಂದುಕೊಂಡ.

ಅಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ತರಕಾರಿ ಹೆಚ್ಚುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು. "ನಿಮ್ಮ ಅನುಮಾನಕ್ಕೆ ವಿಳಾಸಾನೇ ಇರಲ್ಲ ರೀ. ಮೊದಲು ಸಿಕ್ಕಿದ ಮನೆ ಬಾಗಿಲಿಗೆ ಹಾಕಿ ಬರ್ತೀರ. ಕೇಳೋದಿದ್ರೆ ಆ ಕೋಚನ್ನೇ ನೇರ ಕೇಳಿ."

ನೇರ ಕೇಳಿದರೆ ನೇರ ಉತ್ತರ ಕೊಡುವವನಾಗಿದ್ದರೆ ಕೇಳಬಹುದಿತ್ತು. ಅಪ್ಪ ಬುಧವಾರ ಮಧ್ಯಾಹ್ನ ಹಲ್ಲುನೋವೆಂದು ಹೇಳಿ ಅಂಗಡಿಯಿಂದ ಹೊರಬಿದ್ದ.

ಮೈದಾನದ ಮೂಲೆಯಲ್ಲಿ ನೀರಿನ ಟ್ಯಾಂಕಿತ್ತು. ಅದರ ಮರೆಯಲ್ಲಿ ನಿಂತರೆ ಗೋಲು ಪಕ್ಕದಿಂದ ಕಾಣುತ್ತಿತ್ತು. ಉಳಿದವರೆಲ್ಲ ಆಚೆ ತುದಿಯಲ್ಲಿ ಓಡುತ್ತಿದ್ದರು. ಈಚೆ ಮಗಳೊಬ್ಬಳೇ, ಹೆಲ್ಮೆಟ್ ಹಾಕಿಕೊಂಡು ಮೊಣಕಾಲು ಬಗ್ಗಿಸಿ ನಿಂತಿದ್ದಳು. ಇಬ್ಬರು ಹುಡುಗಿಯರು ಸರದಿಯಲ್ಲಿ ಚೆಂಡು ಹೊಡೆಯುತ್ತಿದ್ದರು. ಕೋಚ್ ಬಲೆಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡಿದ್ದ. ಐವತ್ತು ದಾಟಿದ ಸಣಕಲು ಮನುಷ್ಯ, ಹಳೆಯ ಪೆಟ್ಟಿನಿಂದ ಎಡಗಾಲು ತುಸು ಎಳೆಯುತ್ತಿತ್ತು. ಪ್ರತಿ ಹೊಡೆತಕ್ಕೂ ಅವನ ಪೆನ್ಸಿಲು ಅಲುಗುತ್ತಿತ್ತು.

ಬಲಗಡೆ ಬಂದದ್ದನ್ನೆಲ್ಲ ಮಗಳು ತಡೆದಳು. ಕಾಲಿಗೆ ಬಂದದ್ದನ್ನು ಒದ್ದಳು, ಎತ್ತರಕ್ಕೆ ಬಂದದ್ದನ್ನು ಕೈಯಿಂದ ಬದಿಗೆ ತಳ್ಳಿದಳು. ಅಪ್ಪನ ಎದೆ ಉಬ್ಬಿತು. ಆಮೇಲೆ ಕೋಚ್ ಎಡಗಡೆಗೆ ಬೆರಳು ತೋರಿಸಿದ. ಮೊದಲನೆಯದು ಅವಳ ಭುಜದ ಪಕ್ಕದಲ್ಲೇ ಹಾದು ಬಲೆಗೆ ಬಿತ್ತು. ಎರಡನೆಯದನ್ನು ತಡೆದಳು. ಮೂರನೆಯದೂ ನಾಲ್ಕನೆಯದೂ ಒಳಗೆ ಹೋದವು. ಅವಳ ಕೈ ಚೆಂಡಿಗಿಂತ ಒಂದು ಗೇಣು ಕೆಳಗೆ ಚಾಚುತ್ತಿತ್ತು, ಅಲ್ಲಿ ಇನ್ನೊಂದು ಚೆಂಡು ಇದೆಯೇನೋ ಎಂಬಂತೆ.

ಬೇಕೆಂದೇ ಎಡಕ್ಕೆ ಹೊಡೆಸುತ್ತಿದ್ದಾನೆ ಎಂದು ಅಪ್ಪ ಹಲ್ಲು ಕಚ್ಚಿದ.

ಕೋಚ್ ಎದ್ದು, ಹುಡುಗಿಯರಿಗೆ ಏನೋ ತೋರಿಸಿಕೊಡಲು ಕಾಲೆಳೆಯುತ್ತ ಮುಂದೆ ಹೋದ. ಪುಸ್ತಕ ಕುರ್ಚಿಯ ಮೇಲೇ ಇತ್ತು. ಅಪ್ಪ ಬೇಲಿಯ ಸಂದಿಯಲ್ಲಿ ನುಸುಳಿ ಅದನ್ನು ಎತ್ತಿಕೊಂಡ. ಪ್ರತಿ ಪುಟದಲ್ಲೂ ಗೋಲಿನ ಚಿತ್ರ, ಅದರೊಳಗೆ ಚೌಕದ ಮನೆಗಳು, ಮನೆಗಳೊಳಗೆ ಗೀಟುಗಳು. ನಾಲ್ಕು ತಿಂಗಳ ತಾರೀಕುಗಳು. ಬಲ ಎತ್ತರ, ಇಪ್ಪತ್ತಕ್ಕೆ ಹದಿನೆಂಟು. ಎಡ ಎತ್ತರ, ಇಪ್ಪತ್ತಕ್ಕೆ ಹದಿನಾಲ್ಕು. ಮುಂದಿನ ತಿಂಗಳು ಹನ್ನೊಂದು. ಈ ವಾರ ಒಂಬತ್ತು. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ: ಮುಖ ಎಡಕ್ಕೆ ತಿರುಗಿಸುತ್ತಾಳೆ.

"ಪೂರ್ತಿ ಓದಿ," ಎಂದ ಕೋಚ್. ಯಾವಾಗ ಹಿಂದೆ ಬಂದು ನಿಂತಿದ್ದನೋ.

ಸಿಕ್ಕಿಬಿದ್ದ ನಾಚಿಕೆಗೆ ಅಪ್ಪನ ದನಿ ಏರಿತು. "ಏನ್ರೀ ಇದು? ನನ್ನ ಮಗಳ ತಪ್ಪುಗಳಿಗೆ ಪುಸ್ತಕ ಇಟ್ಟಿದೀರಾ? ಯಾರು ಬರೆಸ್ತಿರೋದು, ಸೆಕ್ರೆಟರಿನಾ?"

"ಮೆತ್ತಗೆ. ಅವಳಿಗೆ ಕೇಳತ್ತೆ." ಕೋಚ್ ಪುಸ್ತಕ ತೆಗೆದುಕೊಂಡು ಮುಚ್ಚಿದ. "ನೀವು ಕೆಲಸ ಮಾಡೋದು ಎಲ್ಲಿ?"

"ಕನ್ನಡಕದ ಅಂಗಡೀಲಿ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ನನಗಿಂತ ಮೊದಲು ನಿಮಗೆ ಗೊತ್ತಾಗಬೇಕಿತ್ತು ಅನ್ನೋದೇ ಸಂಬಂಧ. ಆ ಹುಡುಗಿಗೆ ಎಡಗಣ್ಣು ಸರಿಯಾಗಿ ಕಾಣ್ತಿಲ್ಲ."

"ಹುಚ್ಚುಹುಚ್ಚಾಗಿ ಮಾತಾಡ್ಬೇಡಿ. ಲೀಗಿನ ಅರ್ಜಿಗೆ ಅಂತ ಮೂರು ತಿಂಗಳ ಹಿಂದೆ ತಾನೆ ಪರೀಕ್ಷೆ ಆಗಿದೆ. ಎರಡೂ ಕಣ್ಣು ಸರಿ ಇದೆ ಅಂತ ಸರ್ಟಿಫಿಕೇಟ್ ಕೊಟ್ಟಿದೀವಿ."

"ಕೊಟ್ಟಿದೀರಿ. ನಿಮ್ಮ ಅಂಗಡಿ ಸರ್ಟಿಫಿಕೇಟು. ಸುಳ್ಳು ಕಾಗದ ಯಾರು ಕೊಟ್ಟಿರಬಹುದು ಅಂತ ನಾನು ಯಾರ ಮೇಲೆ ಅನುಮಾನ ಪಡಬೇಕಿತ್ತು, ನೀವೇ ಹೇಳಿ."

ತನ್ನ ಕಡೆಗೂ ಒಬ್ಬರು ಹಾಗೆ ನೋಡುತ್ತಿರಬಹುದು ಎಂಬುದು ಅಪ್ಪನಿಗೆ ಈವರೆಗೆ ಹೊಳೆದೇ ಇರಲಿಲ್ಲ.

"ಬಾಯಿ ಬಿಟ್ಟು ಹೇಳಿದ್ರೆ ನಾಳೆಗೆ ಊರೆಲ್ಲ ಹಬ್ಬತ್ತೆ," ಎಂದ ಕೋಚ್. "ಕಣ್ಣು ಕಾಣದ ಗೋಲ್‌ಕೀಪರ್ ಅಂತ ಒಂದ್ಸಲ ಹೆಸರು ಬಿದ್ರೆ ಮುಗೀತು, ಆಮೇಲೆ ಗುಣ ಆದ್ರೂ ಯಾರೂ ನಂಬಲ್ಲ. ಅದಕ್ಕೇ ಕಾರಣ ಹೇಳದೆ ಕೂರಿಸಿದೆ. ನನ್ನನ್ನ ಬೈಕೊಂಡ್ರೆ ಬೈಕೊಳ್ಲಿ ಅಂತ."

ಅಪ್ಪ ಅವನನ್ನು ಪೂರ್ತಿ ನಂಬಲಿಲ್ಲ. ಆದರೆ ಅಂಗಡಿಗೆ ವಾಪಸು ಬಂದು ಕಲ್ಲಿನ ಮುಂದೆ ಕೂತಾಗ ಗಮನವೆಲ್ಲ ಆ ಪುಸ್ತಕದ ಗೀಟುಗಳ ಮೇಲೇ ಇತ್ತು. ಒಂದು ಜೊತೆ ಗಾಜಿನ ಅಂಚು ಜಾಸ್ತಿ ಸವೆದು ಕೆಟ್ಟಿತು.

ಸರ್ಟಿಫಿಕೇಟಿನ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಅಂಗಡಿಯಲ್ಲಿ ಕಣ್ಣು ನೋಡುವಾಕೆ ಮಗಳನ್ನು ಕುರ್ಚಿಯಲ್ಲಿ ಕೂರಿಸಿದ್ದಳು. ಅವನು ಪರದೆಯ ಬಳಿ ನಿಂತಿದ್ದ. ಎಡಗಣ್ಣಿಗೂ ಬಲಗಣ್ಣಿಗೂ ಮಗಳು ತಡವರಿಸದೆ ಪಟಪಟ ಓದಿದ್ದಳು. ಮಾಲೀಕರ ಸಹಿಗೆ ಕಾಗದವನ್ನು ಹಿಡಿದುಕೊಂಡು ಹೋದದ್ದೂ ಅವನೇ. ಅಷ್ಟು ಪಟಪಟ ಯಾರಾದರೂ ಓದುತ್ತಾರೆಯೇ? ಕೆಳಗಿನ ಸಾಲಿಗೆ ಬಂದಾಗ ಎಂಥ ಕಣ್ಣಿನವರೂ ಒಂದು ಗಳಿಗೆ ನಿಲ್ಲುತ್ತಾರೆ. ಮಗಳು ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು, ಅದೇ ಅಕ್ಷರದ ಹಲಗೆಯ ಕೆಳಗೆ ಕೂತು ಹೋಂವರ್ಕ್ ಬರೆದು ಬೆಳೆದವಳು.

ಅನುಮಾನ ಈಗ ಮನೆಯೊಳಗೇ ಬಂದು ಕೂತಿತು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಪೆಟ್ಟಿಗೆಯೊಂದನ್ನು ಎತ್ತಿಡಬೇಕೆಂದು ಹೇಳಿ ಅವಳನ್ನು ಕರೆದುಕೊಂಡು ಬಂದ. ಕೀಲಿ ಅವನ ಬಳಿಯೇ ಇರುತ್ತಿತ್ತು.

"ಪೆಟ್ಟಿಗೆ ಎಲ್ಲಿ?" ಎಂದಳು ಮಗಳು ಸುತ್ತ ನೋಡುತ್ತ.

"ಆಮೇಲೆ ಎತ್ತೋಣ. ಕೂತ್ಕೋ. ಬಲಗಣ್ಣು ಮುಚ್ಚು."

ಅವಳು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡಳು. ಅಪ್ಪ ಎದುರಿನ ದೀಪದ ಪೆಟ್ಟಿಗೆಯ ಗುಂಡಿ ಒತ್ತಿದ. ಮೇಲಿನ ದೊಡ್ಡ ಸಾಲುಗಳಿಗೆ ಅವನು ಮೊದಲೇ ರಟ್ಟು ಅಡ್ಡ ಇಟ್ಟಿದ್ದ.

"ಕೆಳಗಿಂದ ಮೂರನೇ ಸಾಲು."

"ಗ, ಟ, ರ, ಪ, ನ," ಎಂದಳು ಮಗಳು.

"ಅದರ ಕೆಳಗಿಂದು."

"ಲ, ಗ, ವ, ಟ, ಸ, ರ."

ಹಲಗೆಯ ಮೇಲೆ ಅಕ್ಷರಗಳೇ ಇರಲಿಲ್ಲ. ಓದು ಬಾರದವರಿಗಾಗಿ ಇಟ್ಟಿದ್ದ ಬೇರೆ ಹಲಗೆಯನ್ನು ಅವನು ಸಿಕ್ಕಿಸಿದ್ದ. ಅದರ ತುಂಬ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ಪಕ್ಕಕ್ಕೆ ತಿರುಗಿಕೊಂಡಿದ್ದವು.

ಅಪ್ಪ ಕೊನೆಯ ಸಾಲನ್ನು ಕೇಳಲಿಲ್ಲ. ಮಗಳು ಬಲಗಣ್ಣಿನಿಂದ ಕೈ ತೆಗೆದಳು. ಹಲಗೆಯನ್ನು ನೋಡಿದಳು. ಅವಳ ಕಿವಿಯವರೆಗೂ ಕೆಂಪು ಏರಿತು.

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತೇನೋ. ಮೊದಲು ದೀಪಗಳಿಗೆ ಬಾಲ ಬರ್ತಿತ್ತು. ಆಮೇಲೆ ಚೆಂಡಿಗೂ ಬಂತು. ಈಗ ಎರಡು ಚೆಂಡು ಕಾಣತ್ತೆ. ಒಂದು ಮೇಲೆ, ಒಂದು ಕೆಳಗೆ. ಸುಮಾರು ಸಲ ಊಹೆ ಮಾಡಿ ಹಿಡೀತೀನಿ."

"ದಿನಾ ಊರವರ ಕಣ್ಣಿಗೆ ಗಾಜು ಮಾಡಿಕೊಡೋ ಅಪ್ಪ ಮನೇಲೇ ಇದ್ದ. ಅವನಿಗೆ ಹೇಳಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೆ."

"ಅದಾದ ಮೇಲೆ?"

ಅಪ್ಪ ಹಲಗೆಯ ಮೇಲಿನ ರಟ್ಟನ್ನು ತೆಗೆಯತೊಡಗಿದ.

"ಅದಾದ ಮೇಲೆ ನನ್ನ ಹೆಲ್ಮೆಟ್ ಅಟ್ಟ ಸೇರ್ತಿತ್ತು," ಎಂದಳು ಮಗಳು. "ಸೈಕಲ್ಲಿಂದ ಒಂದ್ಸಲ ಬಿದ್ದಿದ್ದಕ್ಕೆ ಎರಡು ವರ್ಷ ಸೈಕಲ್ಲಿಗೆ ಬೀಗ ಹಾಕಿದ್ದೆ ನೀನು. ನಾನು ನಿನ್ನನ್ನ ಹೇಗಪ್ಪ ನಂಬಲಿ?"

ಅವಳು ಅಳಲಿಲ್ಲ. ಎದ್ದು ಹೋಗಿ ಆ ಹಲಗೆಯ ಹತ್ತಿರ ನಿಂತು, ಒಂದೊಂದು ಗುರುತನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

ಆವತ್ತೇ ಮಧ್ಯಾಹ್ನ ಕಣ್ಣಿನ ಡಾಕ್ಟರ ಬಳಿ ಹೋದರು. ಯಂತ್ರವೊಂದು ಅವಳ ಎಡಗಣ್ಣಿನ ನಕ್ಷೆ ಬಿಡಿಸಿತು. ನಡುವೆ ಹಸಿರಿರಬೇಕಾದ ಕಡೆ ಕೆಂಪು ಮಚ್ಚೆಯೊಂದು ಕೆಳಕ್ಕೆ ಜಾರಿಕೊಂಡಂತಿತ್ತು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ತೆಳುವಾಗಿ, ಶಂಕುವಿನ ಹಾಗೆ ಮುಂದಕ್ಕೆ ಉಬ್ಬಿದೆ ಎಂದರು ಡಾಕ್ಟರು. ಈ ವಯಸ್ಸಿನಲ್ಲಿ ಕೆಲವರಿಗೆ ಹೀಗಾಗುತ್ತದೆ. ಕಣ್ಣುಜ್ಜಿಕೊಳ್ಳುವ ಅಭ್ಯಾಸವಿದ್ದರೆ ಇನ್ನೂ ಬೇಗ. ಉಬ್ಬುವುದನ್ನು ನಿಲ್ಲಿಸಲು ಚಿಕಿತ್ಸೆ ಇದೆ, ಆಮೇಲೆ ಗಟ್ಟಿ ಲೆನ್ಸ್ ಹಾಕಿದರೆ ನೋಟ ಬಹಳಮಟ್ಟಿಗೆ ನೇರವಾಗುತ್ತದೆ.

"ಆಡಬಹುದಾ?" ಎಂದಳು ಮಗಳು.

"ಚಿಕಿತ್ಸೆ ಆಗಿ, ಲೆನ್ಸ್ ಸರಿಯಾಗಿ ಕೂತ ಮೇಲೆ ನೋಡೋಣ. ಅಲ್ಲೀವರೆಗೂ ಗೋಲ್‌ನಲ್ಲಿ ನಿಲ್ಲಬೇಡ."

ಅಪ್ಪ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ. "ಇನ್ನೊಂದು ಕಡೆ ತೋರಿಸಿದ್ರೆ ತಪ್ಪಿಲ್ಲ ಅಲ್ವಾ?" ಎಂದ. "ಧಾರಾಳವಾಗಿ ತೋರಿಸಿ," ಎಂದರು ಡಾಕ್ಟರು. ಶುಕ್ರವಾರ ಇನ್ನೊಂದು ಕಡೆ ತೋರಿಸಿದ್ದೂ ಆಯಿತು. ಅಲ್ಲಿಯ ನಕ್ಷೆಯಲ್ಲೂ ಕೆಂಪು ಅದೇ ಜಾಗದಲ್ಲಿತ್ತು.

ಶನಿವಾರ ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಕೋಚ್ ಬೇಲಿಯ ಬಳಿ ಬಂದ. ಮುಖ ಬಾಡಿತ್ತು. "ಆರಿಸೋಕೆ ಬಂದಿರೋರು ಇಬ್ಬರು ಗೋಲ್‌ಕೀಪರನ್ನೂ ನೋಡಬೇಕಂತೆ. ಒಬ್ಬೊಬ್ಬರು ಒಂದೊಂದು ಅರ್ಧ. ಗೋಡೆ ಬಗ್ಗೆ ಎಲ್ಲೋ ಕೇಳಿದಾರೆ. ಕಾರಣ ಇಲ್ಲದೆ ಆಗಲ್ಲ ಅಂದ್ರೆ ನನ್ನ ಮೇಲೇ ಅನುಮಾನ ಪಡ್ತಾರೆ. ಏನ್ ಮಾಡ್ಲಿ, ಹೇಳಿ."

ಮಗಳು ಆಗಲೇ ಲೆಗ್‌ಗಾರ್ಡಿನ ಪಟ್ಟಿ ಬಿಗಿಯುತ್ತಿದ್ದಳು. "ಅಪ್ಪಾ, ಒಂದೇ ಅರ್ಧ. ಬೆಳಕು ಚೆನ್ನಾಗಿದೆ. ಹೆಲ್ಮೆಟ್ ಇರತ್ತೆ. ಸೋಮವಾರದಿಂದ ನೀನು ಹೇಳ್ದಂಗೆ ಕೇಳ್ತೀನಿ."

ಡಾಕ್ಟರ ಕಾಗದ ಅಪ್ಪನ ಅಂಗಿಯ ಜೇಬಿನಲ್ಲಿತ್ತು. ಆರಿಸಲು ಬಂದವರ ಮೇಜು ಮೈದಾನದ ಆಚೆ ಬದಿಗೆ, ಬಿಳಿ ಛತ್ರಿಯ ಕೆಳಗೆ ಕಾಣುತ್ತಿತ್ತು. ತಾನೇ ಹೋಗಿ ಅಲ್ಲಿ ಇಟ್ಟುಬಿಟ್ಟರಾಯಿತು ಎಂದು ಅವನು ಎರಡು ಹೆಜ್ಜೆ ಇಟ್ಟ. ಜೊತೆಗೆ ಬಂದಿದ್ದ ಅಮ್ಮ ತೋಳು ಹಿಡಿದಳು.

"ಕಾಗದ ಯಾರ ಹೆಸರಿಗೆ ಬಂದಿದೆ?"

"ಅವಳ ಹೆಸರಿಗೆ."

"ಹಾಗಾದ್ರೆ ಅವಳ ಕೈಗೆ ಕೊಡಿ."

"ಅವಳು ಅದನ್ನ ಲೆಗ್‌ಗಾರ್ಡ್ ಒಳಗೆ ತುರುಕಿಕೊಂಡು ಆಡೋಕೆ ಹೋಗ್ತಾಳೆ."

"ಹೋದ್ರೆ ಆಗ ನೋಡೋಣ," ಎಂದಳು ಅಮ್ಮ.

ಅಪ್ಪ ಕಾಗದವನ್ನು ಮಗಳಿಗೆ ಕೊಟ್ಟ. ಅವಳು ಅದನ್ನು ಬಿಚ್ಚದೆ, ಅವನ ಕಡೆ ನೋಡದೆ, ಕೈಗವಸಿನೊಳಗೆ ಸೇರಿಸಿಕೊಂಡಳು.

ಮೊದಲ ಅರ್ಧದಲ್ಲಿ ಸೆಕ್ರೆಟರಿಯ ಅಣ್ಣನ ಮಗಳು ನಿಂತಳು. ಗಿಡ್ಡ ಹುಡುಗಿ, ಆದರೆ ಚುರುಕು. ಎದುರು ತಂಡದವಳೊಬ್ಬಳು ಒಂಟಿಯಾಗಿ ಅವಳ ಮೇಲೆ ನುಗ್ಗಿ ಬಂದಾಗ ನೆಲಕ್ಕೆ ಬಿದ್ದು ಚೆಂಡನ್ನು ಕಾಲಿನಿಂದ ಹೊರಹಾಕಿದಳು. ಅಪ್ಪ ಎರಡು ತಿಂಗಳಿಂದ ಅವಳನ್ನು ನೋಡುತ್ತಲೇ ಇದ್ದ. ಅವಳು ಚೆನ್ನಾಗಿ ಆಡುತ್ತಾಳೆ ಎಂಬುದು ಇವತ್ತು ಮೊದಲ ಸಲ ಕಂಡಿತು. ಅಮ್ಮ ಚಪ್ಪಾಳೆ ತಟ್ಟಿದಳು. ಸ್ವಲ್ಪ ತಡವಾಗಿ ಅವನೂ ತಟ್ಟಿದ.

ವಿರಾಮದ ಸೀಟಿ ಊದಿದರು. ಮಗಳು ಎದ್ದಳು. ದಪ್ಪ ಲೆಗ್‌ಗಾರ್ಡುಗಳಲ್ಲಿ ಕಾಲಗಲಿಸಿಕೊಂಡು, ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಗೆರೆಯ ಉದ್ದಕ್ಕೂ ನಡೆದಳು. ಗೋಲಿನ ದಾರಿಯೂ ಅದೇ, ಬಿಳಿ ಛತ್ರಿಯ ದಾರಿಯೂ ಅದೇ. ಅಪ್ಪ ಬೇಲಿ ಹಿಡಿದುಕೊಂಡು ಅವಳಿಗೆ ಸಮನಾಗಿ ಈಚೆಯಿಂದ ನಡೆದ. ಛತ್ರಿಯನ್ನು ಅವಳು ದಾಟಿದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು, ತಿರುಗಿ ಬಂದಳು.

ಮೇಜಿನ ನಡುವೆ ಕೂತಿದ್ದ ಹೆಂಗಸು ಹಿಂದೊಮ್ಮೆ ತಾನೂ ಗೋಲಿನಲ್ಲಿ ನಿಂತವಳು. ಎಡಗೈಯ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕಾಗದವನ್ನು ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದಳು.

"ಇದನ್ನ ಯಾರು ಕೊಟ್ಟು ಕಳಿಸಿದ್ದು? ನಿಮ್ಮ ಕೋಚಾ?"

"ಇಲ್ಲ ಮೇಡಂ."

"ಆ ಇನ್ನೊಬ್ಬಳ ಕಡೆಯವರಾ? ಹೆದರಬೇಡ, ಹೇಳು. ಇಂಥದ್ದೆಲ್ಲ ನಾನು ಬಹಳ ನೋಡಿದೀನಿ."

"ಯಾರೂ ಅಲ್ಲ. ನಾನೇ ತಂದಿದ್ದು. ನಿಮ್ಮ ಹತ್ರ ಇರೋ ಹಳೇ ಸರ್ಟಿಫಿಕೇಟ್ ಸರಿ ಇಲ್ಲ. ಅದರಲ್ಲಿ ನಮ್ಮಪ್ಪಂದು, ಅಂಗಡಿಯವರದು ಏನೂ ತಪ್ಪಿಲ್ಲ. ನಾನು ಬಾಯಿಪಾಠ ಮಾಡಿ ಹೇಳಿದ್ದೆ."

ಹೆಂಗಸು ಕಾಗದವನ್ನು ತನ್ನ ಫೈಲಿನೊಳಗೆ ಇಟ್ಟಳು. "ನನಗೆ ಕಣ್ಣು ಕಾಣಲ್ಲ ಅಂತ ಗೋಲ್‌ಕೀಪರ್ ಒಬ್ಬಳು ತಾನಾಗೇ ಬಂದು ಹೇಳಿದ್ದನ್ನ ನಾನು ಇಷ್ಟು ವರ್ಷದಲ್ಲಿ ಕೇಳಿಲ್ಲ," ಎಂದಳು. ಹೊಗಳಿಕೆಯಂತೆ ಕೇಳಿಸಲಿಲ್ಲ. "ಚಿಕಿತ್ಸೆ ಮಾಡಿಸ್ಕೊ. ಮುಗಿದ ಮೇಲೆ ನಮ್ಮ ತಂಡಕ್ಕೆ ಕಾಗದ ಬರಿ. ಪರೀಕ್ಷೆ ನಮ್ಮ ಡಾಕ್ಟರ್ ಮಾಡ್ತಾರೆ, ನಿಮ್ಮ ಅಂಗಡೀಲಿ ಅಲ್ಲ."

ಎರಡನೇ ಅರ್ಧಕ್ಕೂ ಸೆಕ್ರೆಟರಿಯ ಅಣ್ಣನ ಮಗಳೇ ನಿಂತಳು. ಸಂಜೆ ಆರಿಸಿದ ಇಬ್ಬರಲ್ಲಿ ಅವಳೂ ಒಬ್ಬಳಾಗಿದ್ದಳು.

ಚಿಕಿತ್ಸೆಯಾಗಿ ಗಾಯ ಮಾಗುವುದಕ್ಕೆ ವಾರಗಳು, ಲೆನ್ಸ್ ಕೂರಿಸುವುದಕ್ಕೆ ತಿಂಗಳುಗಳು ಹಿಡಿದವು. ಮೊದಲ ಎರಡು ಲೆನ್ಸ್ ಚುಚ್ಚಿದವು, ಮೂರನೆಯದು ಕೂತಿತು. ಕಣ್ಣುಜ್ಜಿಕೊಳ್ಳಲು ಕೈ ಎತ್ತಿದಾಗೆಲ್ಲ ಅಮ್ಮ ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ಲೀಗಿನ ತಂಡಕ್ಕೆ ಬರೆದ ಕಾಗದಕ್ಕೆ ಎರಡು ಸಾಲಿನ ಉತ್ತರ ಬಂತು: ಮುಂದಿನ ತಿಂಗಳ ಹತ್ತನೇ ತಾರೀಕು, ಕಣ್ಣಿನ ಪರೀಕ್ಷೆ ಬೆಳಿಗ್ಗೆ, ಆಟ ಮಧ್ಯಾಹ್ನ.

ಡಾಕ್ಟರು ಒಪ್ಪಿಗೆ ಕೊಟ್ಟ ನಂತರದ ಭಾನುವಾರ ಮೈದಾನದಲ್ಲಿ ಮೂವರೇ ಇದ್ದರು. ಮಾಲಿ ಆಗತಾನೇ ನೀರು ಹೊಡೆದು ಹೋಗಿದ್ದ. ಮಗಳು ಗೋಲಿನಲ್ಲಿ ನಿಂತು ಹೆಲ್ಮೆಟ್ ಇಳಿಸಿಕೊಂಡಳು. ಅಪ್ಪ ಬಲೆಯ ಹಿಂದಿದ್ದ. ಕೋಚ್ ಎಡಗಡೆಗೆ ಕಾಲೆಳೆಯುತ್ತ ಹೋಗಿ ಚೆಂಡನ್ನು ಕೋಲಿನ ಮುಂದಿಟ್ಟುಕೊಂಡ.

"ಸರಿಯಾಗಿ ಕಾಣ್ತಿದೆಯೇನೇ?" ಎಂದ ಅಪ್ಪ.

"ಕಾಣ್ತಿದೆ."

ಅವಳ ಬೆನ್ನು ಮಾತ್ರ ಅವನಿಗೆ ಕಾಣುತ್ತಿತ್ತು. ಕೋಚ್ ಹೊಡೆದ. ಚೆಂಡು ಎತ್ತರಕ್ಕೆ ಎದ್ದು ಬಂದು, ಚಾಚಿದ ಕೈಯ ಆಚೆಗೆ ಹಾದು ಅಪ್ಪನ ಎದೆಯ ಮಟ್ಟದಲ್ಲಿ ಬಲೆಯನ್ನು ಉಬ್ಬಿಸಿ ಕೆಳಗೆ ಬಿತ್ತು. ಅಪ್ಪ ಕೋಚನ್ನು ನೋಡಿದ. ಕೋಚ್ ಅವನನ್ನು ನೋಡಿದ. ಅಷ್ಟು ತಿಂಗಳು ಆಡದೆ ಕೈ ಜಡವಾಗಿತ್ತೋ, ಅಥವಾ ಇನ್ನೇನೋ.

ಮಗಳು ತಾನೇ ಬಗ್ಗಿ ಬಲೆಯಿಂದ ಚೆಂಡನ್ನು ತೆಗೆದಳು. ಅದನ್ನು ಕೋಚ್ ಕಡೆಗೆ ಉರುಳಿಸಿ, ಜಾಗಕ್ಕೆ ಬಂದು, ಎಡಕ್ಕೆ ಅರ್ಧ ಹೆಜ್ಜೆ ಸರಿದು ಮೊಣಕಾಲು ಬಗ್ಗಿಸಿದಳು. ಚೆಂಡು ಅವಸರವಿಲ್ಲದೆ ಉರುಳಿ ಹೋಗುತ್ತ, ನೀರು ನಿಂತ ಹಸಿರಿನ ಮೇಲೆ ಅವಳಿಂದ ಕೋಚ್‌ನ ಕೋಲಿನವರೆಗೂ ತೆಳ್ಳಗಿನ ಒಂದು ಗೆರೆ ಎಳೆಯಿತು.